ಆ ಕಂದು ಬಣ್ಣ ಕೊಳೆಯಲ್ಲ

(ಇಳಕಲ್ಲಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ದಂತವೈದ್ಯೆಯಾದ ನಾನು ಹಲ್ಲಿನ ಕಲೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಬರುವಾಗ ಇಲ್ಲಿನ ಪ್ರಾಚಾರ್ಯರು ಗೇಟಿನ ಹತ್ತಿರವೇ ಒಂದು ಮಾತು ಹೇಳಿದರು. "ಮೇಡಮ್ಮಾರ, ಫೋಟೊ ತೆಗೆಯೋವಾಗ ನಮ್ಮ ಹುಡುಗ್ಯಾರು ಬಾಯಿ ಮುಚ್ಚಿಕೊಂಡ ನಗತಾರ್ರಿ. ಅದಕ್ಕ ನಿಮ್ಮನ್ನ ಕರಿಸೇವಿ." ಅವರು ಅಷ್ಟು ಗಮನಿಸಿದ್ದಾರಲ್ಲ, ಅದೇ ನನಗೆ ಖುಷಿ ಕೊಟ್ಟಿತು. ಯಾಕೆಂದರೆ ಇಪ್ಪತ್ತು ವರ್ಷದವರೆಗೂ ನಾನೂ ಬಾಯಿಗೆ ಸೆರಗೋ ವೇಲೋ ಅಡ್ಡ ಹಿಡಿದೇ ನಕ್ಕವಳು.

ನಮ್ಮ ಊರು ಇಲ್ಲಿಂದ ದೂರವೇನಿಲ್ಲ. ನಾನು ಚಿಕ್ಕವಳಿದ್ದಾಗ ಊರಿಗೆಲ್ಲ ಒಂದೇ ಬೋರು. ಬೇವಿನ ಮರದ ಕೆಳಗೆ ಕೈಪಂಪು. ನೀರು ಕನ್ನಡಿಯ ಹಾಗಿತ್ತು. ವಾಸನೆ ಇಲ್ಲ, ಉಪ್ಪುಪ್ಪು ರುಚಿಯೂ ಇಲ್ಲ. ನಾಲ್ಕನೇ ತರಗತಿಯಲ್ಲಿ ಪ್ರತಿ ಸೋಮವಾರ ಉಗುರು, ಕೂದಲು, ಹಲ್ಲು ನೋಡುತ್ತಿದ್ದರು. ನನ್ನ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ, ನಡುವೆ ಅಡ್ಡಕ್ಕೆ ಕಂದು ಪಟ್ಟಿ. "ಹಲ್ಲ ತಿಕ್ಕಂಗಿಲ್ಲೇನ ನೀ?" ಅಂತ ಗದರಿ ಹೊರಗೆ ನಿಲ್ಲಿಸಿದರು. ನಾನೊಬ್ಬಳೇ ಅಲ್ಲ, ನಮ್ಮ ಓಣಿಯ ನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದೆವು. ಒಂದೇ ಓಣಿಯ ನಾಲ್ಕೂ ಮಕ್ಕಳಿಗೆ ಒಂದೇ ಥರದ ಕಂದು ಪಟ್ಟಿ ಯಾಕೆ ಅಂತ ಯಾರಿಗೂ ಹೊಳೆಯಲಿಲ್ಲ.

ಮನೆಗೆ ಬಂದು ಒಲೆಯ ಬೂದಿ ತೆಗೆದುಕೊಂಡೆ. ಅದು ಸಾಲದು ಅಂತ ಇಟ್ಟಿಗೆ ಪುಡಿ ಮಾಡಿಕೊಂಡೆ. ವಸಡಿನಿಂದ ರಕ್ತ ಬರುವ ತನಕ ತಿಕ್ಕಿದೆ. ಅವ್ವ ಕೈ ಹಿಡಿದು ಬಿಡಿಸಿದಳು. ಕಂದು ಬಣ್ಣ ಎಳ್ಳಷ್ಟೂ ಹೋಗಲಿಲ್ಲ. ಹೋಗುವ ಹಾಗೂ ಇರಲಿಲ್ಲ. ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲು ಹುಟ್ಟುವ ಮುಂಚೆಯೇ ಅದರೊಳಗೆ ಆದ ದೋಷದಿಂದ ಬಂದ ಬಣ್ಣ. ಇದು ನನಗೆ ಗೊತ್ತಾಗಿದ್ದು ಡೆಂಟಲ್ ಕಾಲೇಜಿಗೆ ಸೇರಿದ ಮೇಲೆ. ಪಾಠದಲ್ಲಿ ಒಂದು ಬಾಯಿಯ ಚಿತ್ರ ತೋರಿಸಿದರು. ನನ್ನದೇ ಬಾಯಿ ನೋಡಿದ ಹಾಗಾಯಿತು. ಆವತ್ತು ಹಾಸ್ಟೆಲ್‌ಗೆ ಹೋಗಿ ತುಂಬಾ ಅತ್ತೆ. ಅದು ದುಃಖದ ಅಳು ಅಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡಿದ್ದ ತಪ್ಪು ನನ್ನದಲ್ಲ ಅಂತ ಗೊತ್ತಾದ ಅಳು.

ಹಲ್ಲು ಬಿಳಿ ಮಾಡುವುದರ ಬಗ್ಗೆ ಹೇಳಿ ಅಂತ ಕರೆಸಿದ್ದೀರಿ, ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಬಣ್ಣ ಎಲ್ಲಿಂದ ಬಂತು ಅಂತ ತಿಳಿಯಬೇಕು. ನೀವು ಇಳಕಲ್ಲಿನವರು. ಸೀರೆಯ ಲೆಕ್ಕದಲ್ಲೇ ಹೇಳಿದರೆ ಬೇಗ ತಿಳಿಯುತ್ತದೆ. ನೇಯ್ದು ಮುಗಿದ ಸೀರೆಯ ಮೇಲೆ ಚಾ ಚೆಲ್ಲಿದರೆ ಒಗೆದು ತೆಗೆಯಬಹುದು. ಆದರೆ ಮಗ್ಗಕ್ಕೆ ಏರಿಸುವ ಮುಂಚೆಯೇ ನೂಲಿಗೆ ಬೇರೆ ಬಣ್ಣ ತಗುಲಿದ್ದರೆ? ಎಷ್ಟು ಸಾಬೂನು ಹಾಕಿ ಕುಕ್ಕಿದರೂ ಸೀರೆ ಹರಿದೀತು, ಬಣ್ಣ ಹೋಗದು. ಹಲ್ಲಿನ ಕಲೆಯಲ್ಲೂ ಹೀಗೆ ಎರಡು ಜಾತಿ. ಮೇಲೆ ಹತ್ತಿದ ಕಲೆ, ಒಳಗೆ ನೇಯ್ದುಕೊಂಡ ಕಲೆ. ಯಾವುದು ಅಂತ ನೋಡಿ ಹೇಳುವುದೇ ದಂತವೈದ್ಯರ ಮೊದಲ ಕೆಲಸ. ಬಿಳಿ ಮಾಡುವುದು ಆಮೇಲಿನ ಮಾತು.

ಹಲ್ಲಿನ ಹೊರಗಿನ ಪದರಕ್ಕೆ ಎನಾಮೆಲ್ ಅನ್ನುತ್ತೇವೆ. ನಮ್ಮ ಇಡೀ ಮೈಯಲ್ಲಿ ಅಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಆದರೆ ಅದರಲ್ಲಿ ಜೀವಕೋಶ ಇಲ್ಲ. ಕೈ ಕೊಯ್ದುಕೊಂಡರೆ ಗಾಯ ಮಾಯುತ್ತದೆ, ಮೂಳೆ ಮುರಿದರೂ ಕೂಡುತ್ತದೆ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿರುವುದು ಡೆಂಟಿನ್. ಅದರ ಬಣ್ಣ ಹಳದಿ. ಎನಾಮೆಲ್ ಅರೆಪಾರದರ್ಶಕ ಆಗಿರುವುದರಿಂದ ಒಳಗಿನ ಹಳದಿ ಸ್ವಲ್ಪ ಹೊರಗೆ ಕಾಣುತ್ತದೆ. ಹಾಗಾಗಿ ಆರೋಗ್ಯವಾದ ಹಲ್ಲು ಹಾಳೆಯ ಹಾಗೆ ಬೆಳ್ಳಗೆ ಇರುವುದೇ ಇಲ್ಲ. ಕೋರೆ ಹಲ್ಲು ಪಕ್ಕದ ಹಲ್ಲಿಗಿಂತ ತುಸು ಹಳದಿಯಾಗಿಯೇ ಇರುತ್ತದೆ. ವಯಸ್ಸಾದಂತೆ ಎನಾಮೆಲ್ ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತದೆ, ಹಲ್ಲು ಹಳದಿಗೆ ತಿರುಗುತ್ತದೆ. ಬೂದಿ, ಇಟ್ಟಿಗೆ ಪುಡಿ, ಇದ್ದಿಲ ಪುಡಿ ಹಾಕಿ ತಿಕ್ಕುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಬಿಳಿಯಾಗಲಿ ಅಂತ ತಿಕ್ಕಿ ತಿಕ್ಕಿ ಬಿಳಿ ಪದರವನ್ನೇ ಸವೆಸಿದರೆ ಕೊನೆಗೆ ಕಾಣುವುದು ಹಳದಿಯೇ, ಅಲ್ವಾ?

ಈಗ ನಮ್ಮ ಭಾಗದ ಕಲೆಗೆ ಬರೋಣ. ಇದರ ಹೆಸರು ಫ್ಲೋರೋಸಿಸ್, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಜಾಸ್ತಿಯಾದರೆ ಬರುವುದು. ಇಳಕಲ್ಲಿನ ಕೆಂಪು ಗ್ರಾನೈಟ್ ಊರಾಚೆ ಎಲ್ಲೆಲ್ಲೋ ಹೋಗಿ ನೆಲಹಾಸು ಆಗಿದೆ. ಗ್ರಾನೈಟಿನಂಥ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳೂ ಇರುತ್ತವೆ. ನೀರು ಆಳದಲ್ಲಿ ಆ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತರೆ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಹಾಗಾಗಿ ಹೊಳೆ ನೀರಿಗಿಂತ ಆಳದ ಬೋರಿನ ನೀರಿನಲ್ಲಿ ಇದು ಜಾಸ್ತಿ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂ ತನಕ ಒಪ್ಪುತ್ತಾರೆ. ಅದಕ್ಕಿಂತ ಮೇಲಾದರೆ ತೊಂದರೆ ಶುರು.

ಇದು ನಮ್ಮೂರಿನ ಪಾಪವಲ್ಲ, ನಮ್ಮ ದೇಶದ್ದಷ್ಟೇ ಕಥೆಯೂ ಅಲ್ಲ. 1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ದಂತವೈದ್ಯ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದರು. ಅಲ್ಲಿ ಹುಟ್ಟಿ ಬೆಳೆದ ಬಹಳ ಮಂದಿಯ ಹಲ್ಲಿನ ಮೇಲೆ ಇದೇ ಕಂದು ಕಲೆ. ಹೊರಗಿನಿಂದ ಬಂದು ನೆಲೆಸಿದ ದೊಡ್ಡವರಿಗೆ ಇಲ್ಲ. ಕಾರಣ ನೀರಿನಲ್ಲೇ ಇದೆ ಎಂಬ ಗುಮಾನಿ ಅವರಿಗೆ ಬಂತು. ಅದು ಏನು ಅಂತ ಖಚಿತವಾಗಿದ್ದು ಮೂವತ್ತು ವರ್ಷಗಳ ಮೇಲೆ, 1931ರಲ್ಲಿ. ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನ ತಜ್ಞ ಎಚ್. ವಿ. ಚರ್ಚಿಲ್ ನೀರು ಪರೀಕ್ಷೆ ಮಾಡಿ ಫ್ಲೋರೈಡ್ ಜಾಸ್ತಿ ಇದೆ ಎಂದು ತೋರಿಸಿದರು. ಅಂಥ ವೈದ್ಯರಿಗೇ ಮೂವತ್ತು ವರ್ಷ ಹಿಡಿದ ವಿಷಯ ಇದು. ನಮ್ಮ ಶಾಲೆಯಲ್ಲಿ ಒಂದು ನೋಟಕ್ಕೇ ತೀರ್ಪು ಕೊಟ್ಟುಬಿಟ್ಟಿದ್ದರು.

ಇನ್ನೊಂದು ಮಾತು ಅವ್ವಂದಿರಿಗೆ. ಈ ಕಲೆಯ ಬೀಜ ಹಲ್ಲು ತಯಾರಾಗುವಾಗ ಮಾತ್ರ ಬೀಳುತ್ತದೆ. ಮುಂದಿನ ಶಾಶ್ವತ ಹಲ್ಲು ಬಾಯಲ್ಲಿ ಕಾಣುವುದು ಆರು–ಏಳನೇ ವರ್ಷಕ್ಕೆ. ಆದರೆ ಅದರ ಎನಾಮೆಲ್ ದವಡೆಯೊಳಗೆ ರೂಪುಗೊಳ್ಳುವುದು ಮಗು ಹುಟ್ಟಿದಾಗಿನಿಂದ ಮೊದಲ ನಾಲ್ಕೈದು ವರ್ಷಗಳಲ್ಲಿ. ಆ ಹೊತ್ತಿನಲ್ಲಿ ಮಗು ಯಾವ ನೀರು ಕುಡಿಯಿತು ಅನ್ನುವುದೇ ಮುಖ್ಯ. ಮದುವೆಯಾಗಿ ಈ ಊರಿಗೆ ಬಂದ ಸೊಸೆಗೆ ಹಲ್ಲಿನ ಫ್ಲೋರೋಸಿಸ್ ಬರುವುದಿಲ್ಲ. ಈ ಊರಿನಿಂದ ಹೋದ ಮಗಳ ಹಲ್ಲಿನ ಕಲೆ ಅವಳ ಮಕ್ಕಳಿಗೂ ಹೋಗುವುದಿಲ್ಲ. ಇದು ವಂಶದಲ್ಲಿ ಇಳಿಯುವ ಕಲೆಯಲ್ಲ, ಅಂಟುವ ರೋಗವೂ ಅಲ್ಲ. ಕನ್ಯಾ ನೋಡಲು ಬರುವವರಿಗೆ ಇದನ್ನು ಗಟ್ಟಿಯಾಗಿ ಹೇಳಿ. ಆದರೆ ಇಂಥ ನೀರನ್ನೇ ಹತ್ತಾರು ವರ್ಷ ಕುಡಿದರೆ ದೊಡ್ಡವರ ಮೂಳೆಗೂ ಕೀಲಿಗೂ ಪೆಟ್ಟು ಬೀಳಬಹುದು, ಅದನ್ನು ಮರೆಯಬೇಡಿ.

ಕುದಿಸಿದರೆ ಹೋಗುತ್ತಾ ಅಂತ ಒಬ್ಬ ತಂಗಿ ಕೇಳಿದಳು. ಇಲ್ಲವ್ವ. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ತಳದಲ್ಲೇ ಉಳಿಯುತ್ತದೆ. ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಹೋಗುವುದಿಲ್ಲ. ಆರ್‌ಓ ಘಟಕದ ನೀರು, ಹೊಳೆಯಿಂದ ಶುದ್ಧ ಮಾಡಿ ಬರುವ ನಳದ ನೀರು, ಶುಚಿಯಾಗಿ ಹಿಡಿದ ಮಳೆ ನೀರು ಆಗಬಹುದು. ಎಲ್ಲರಿಗೂ ಸಾಲದಿದ್ದರೆ ಮನೆಯ ಸಣ್ಣ ಮಕ್ಕಳಿಗಾದರೂ ಮೊದಲು ಆ ನೀರು ಕೊಡಿ.

ಮೇಲೆ ಹತ್ತುವ ಕಲೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಾ, ಎಲೆ ಅಡಿಕೆ, ಬೀಡಿ, ಗುಟ್ಕಾ ಎಲ್ಲವೂ ಬಣ್ಣ ಬಿಡುತ್ತವೆ. ಬೆಳಗಾವಿ ಕಡೆ ಹುರಿದ ತಂಬಾಕಿನ ಪುಡಿ ಮಿಸ್ರಿಯಲ್ಲಿ ಹಲ್ಲು ತಿಕ್ಕುವ ಅಜ್ಜಿಯಂದಿರ ಹಲ್ಲು ಕಪ್ಪಾಗಿರುತ್ತದೆ. ಅದು ಹಲ್ಲಿನ ಔಷಧಿ ಅಂತ ಅವರು ನಂಬಿದ್ದಾರೆ. ಅದು ತಂಬಾಕು, ಅಷ್ಟೇ. ಕಬ್ಬಿಣದ ಟಾನಿಕ್ ಕುಡಿಯುವ ಮಗುವಿನ ಹಲ್ಲು ಕಪ್ಪಾಗಬಹುದು, ಗಾಬರಿ ಬೇಡ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಷನ್ನು ವಾರಗಟ್ಟಲೆ ಬಳಸಿದರೂ ಕಂದು ಬಣ್ಣ ಹತ್ತುತ್ತದೆ. ಇವೆಲ್ಲ ಬಹುಪಾಲು ಕ್ಲೀನಿಂಗ್‌ನಲ್ಲೇ ಹೋಗುತ್ತವೆ. ಯಂತ್ರದಿಂದ ಪಾಚಿ, ಅದು ಗಟ್ಟಿಯಾಗಿ ಆದ ಗಾರೆ ತೆಗೆದು ಪಾಲಿಶ್ ಮಾಡುತ್ತೇವೆ. ಬಿಳಿ ಮಾಡಿಸಬೇಕು ಅಂತ ಬಂದವರು ಕ್ಲೀನಿಂಗ್ ಆದ ಮೇಲೆ ಕನ್ನಡಿ ನೋಡಿ "ಇಷ್ಟ ಸಾಕ್ರಿ" ಅಂತ ಎದ್ದು ಹೋಗಿದ್ದೂ ಇದೆ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತವೆ ಅಂತ ನಮ್ಮಲ್ಲಿ ದೊಡ್ಡ ಭಯ ಇದೆ. ಗಾರೆ ಕೂತು ಕೂತು ವಸಡು, ಮೂಳೆ ಮೊದಲೇ ಇಳಿದಿರುತ್ತದೆ. ಗಾರೆ ತೆಗೆದಾಗ ಆ ಸಂದು ಕಾಣುತ್ತದೆ. ಸಡಿಲ ಮಾಡಿದ್ದು ಗಾರೆ, ಕ್ಲೀನಿಂಗ್ ಅಲ್ಲ.

ಗುಟ್ಕಾದ ಮಾತು ಬಂತಲ್ಲ, ಒಂದು ಘಟನೆ ಹೇಳುತ್ತೇನೆ. ಕಬ್ಬಿನ ಲಾರಿ ಓಡಿಸುವ ಒಬ್ಬ ತಮ್ಮ ಬಂದಿದ್ದ. ಮೂವತ್ತು ದಾಟಿರಲಿಲ್ಲ. ತಂಗಿಯ ಮದುವೆ ಇದೆ, ಫೋಟೊದಲ್ಲಿ ಹಲ್ಲು ಕೆಂಪಗೆ ಕಾಣುತ್ತವೆ, ಬಿಳಿ ಮಾಡಿ ಅಂದ. ಬಾಯಿ ತೆರೆ ಅಂದೆ. ತೆರೆಯಲು ಆಗಲಿಲ್ಲ. ಅವನದೇ ಎರಡು ಬೆರಳು ಕಷ್ಟದಿಂದ ಒಳಗೆ ಹೋದವು. ಸಾಮಾನ್ಯವಾಗಿ ನಮ್ಮ ಮೂರು ಬೆರಳನ್ನು ನಿಲ್ಲಿಸಿ ಬಾಯಿಗೆ ಇಟ್ಟರೆ ಹಿಡಿಸಬೇಕು. ಇಲ್ಲೇ ಕೂತು ಒಂದು ಸಲ ನೋಡಿಕೊಳ್ಳಿ, ನಾಚಿಕೆ ಬೇಡ. ಅವನ ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿಗಳು ಕೈಗೆ ಸಿಕ್ಕವು. ಅಡಿಕೆಯಿಂದ ಬರುವ ಕಾಯಿಲೆ ಅದು, ಖಾರ ತಿಂದರೆ ಉರಿ, ಬಾಯಿ ವರ್ಷದಿಂದ ವರ್ಷಕ್ಕೆ ಬಿಗಿ. ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದೆ. ನಾನು ಅವನ ಹಲ್ಲು ಬಿಳಿ ಮಾಡಲಿಲ್ಲ. ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಕಳಿಸಿದೆ. ಈಗ ಗುಟ್ಕಾ ಚೀಟು ಬಿಟ್ಟಿದ್ದಾನೆ, ಬಾಯಿಯ ವ್ಯಾಯಾಮ ಮಾಡುತ್ತಾನೆ. ಹಲ್ಲಿನ ಬಣ್ಣದ ನೆಪದಲ್ಲಿ ಅವನು ಬಂದನಲ್ಲ, ಅದು ನನಗೆ ದೊಡ್ಡ ಸಮಾಧಾನ. ಆವತ್ತು ಅವನು ಯಾವುದೋ ಬ್ಯೂಟಿ ಪಾರ್ಲರಿಗೆ ಹೋಗಿದ್ದರೆ ಹಲ್ಲು ಬಿಳಿಯಾಗುತ್ತಿತ್ತು, ಕೆನ್ನೆಯನ್ನು ಯಾರು ನೋಡುತ್ತಿದ್ದರು?

ಈಗ ಬ್ಲೀಚಿಂಗ್, ಅಂದರೆ ಔಷಧಿಯಿಂದ ಹಲ್ಲು ಬಿಳಿ ಮಾಡುವುದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮೊಬೈಲ್ ತುಂಬಾ ಇದರದೇ ವಿಡಿಯೊ.

ಇದು ಸಿಕ್ಕಿದ್ದೇ ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕಾನ್ಸಾಸ್‌ನ ಒಬ್ಬ ದಂತವೈದ್ಯರು ವಸಡಿನ ಹುಣ್ಣಿಗೆ ಅಂತ ಒಂದು ಔಷಧಿಯನ್ನು ಹಲ್ಲಿಗೆ ಹಾಕುವ ಅಚ್ಚಿನೊಳಗೆ ತುಂಬಿ ರಾತ್ರಿ ಹಾಕಿಕೊಳ್ಳಲು ಕೊಡುತ್ತಿದ್ದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬಿಳಿಯಾಗಿತ್ತು. ಆ ಔಷಧಿ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್. 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ಇಬ್ಬರು ಇದನ್ನು ಕ್ರಮವಾಗಿ ಬರೆದು ಪ್ರಕಟಿಸಿದ ಮೇಲೆ ಜಗತ್ತಿನ ತುಂಬ ಹರಡಿತು. ಇವತ್ತಿಗೂ ನನಗೆ ಜಾಸ್ತಿ ನಂಬಿಕೆ ಇರುವುದು ಈ ನಿಧಾನದ ವಿಧಾನದ ಮೇಲೆಯೇ.

ಮಾಡುವುದು ಹೀಗೆ. ಮೊದಲು ಹುಳುಕು ಇದ್ದರೆ ತುಂಬುತ್ತೇವೆ, ಕ್ಲೀನಿಂಗ್ ಮಾಡುತ್ತೇವೆ. ನಿಮ್ಮ ಹಲ್ಲಿನ ಅಚ್ಚು ತೆಗೆದು ಅದಕ್ಕೆ ಸರಿಯಾಗಿ ಕೂರುವ ತೆಳು ಪಾರದರ್ಶಕ ಟ್ರೇ ಮಾಡಿ ಕೊಡುತ್ತೇವೆ. ಪ್ರತಿ ಹಲ್ಲಿನ ಜಾಗಕ್ಕೆ ಒಂದು ಸಣ್ಣ ಹನಿ ಜೆಲ್ ಹಾಕಿ ರಾತ್ರಿ ಹಾಕಿಕೊಂಡು ಮಲಗಬೇಕು. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಆ ಜೆಲ್ ಬಾಯಲ್ಲಿ ಒಡೆದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದು ಎನಾಮೆಲ್ ದಾಟಿ ಡೆಂಟಿನ್ ತನಕ ಇಳಿಯುತ್ತದೆ. ಬಣ್ಣ ಕೊಡುವ ದೊಡ್ಡ ದೊಡ್ಡ ಅಣುಗಳನ್ನು ಸಣ್ಣ ತುಂಡು ಮಾಡುತ್ತದೆ, ಬಣ್ಣ ತಿಳಿಯಾಗುತ್ತದೆ. ಹಲ್ಲನ್ನು ಕೆರೆಯುವುದಿಲ್ಲ, ಅಂದರೆ ನನ್ನ ಇಟ್ಟಿಗೆ ಪುಡಿಯ ದಾರಿಗೆ ಇದು ಪೂರ್ತಿ ಉಲ್ಟಾ.

ಆಸ್ಪತ್ರೆಯಲ್ಲೇ ಕೂರಿಸಿ ಮಾಡುವುದು ಇನ್ನೊಂದು. ಅಲ್ಲಿ 35ರಿಂದ 40 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ಮನೆಯ ಜೆಲ್ಲಿಗಿಂತ ಸುಮಾರು ಹತ್ತು ಪಟ್ಟು ಜೋರು. ವಸಡಿಗೆ ತಾಗಿದರೆ ಬಿಳುಚಿ ಉರಿಯುತ್ತದೆ. ಅದಕ್ಕೇ ಮೊದಲು ವಸಡಿನ ಮೇಲೆ ರಕ್ಷಣೆಯ ಪದರ ಹಾಕಿ ಗಟ್ಟಿ ಮಾಡುತ್ತೇವೆ. ಒಂದು ತಾಸಿನ ಆಸುಪಾಸಿನಲ್ಲಿ ಬದಲಾವಣೆ ಕಾಣುತ್ತದೆ. ನೀಲಿ ದೀಪ ಹಿಡಿದು ಮಾಡುವುದನ್ನು ಜಾಹೀರಾತಿನಲ್ಲಿ ನೋಡಿರುತ್ತೀರಿ. ಕೆಲಸ ಮಾಡುವುದು ಜೆಲ್. ದೀಪ ಇಲ್ಲದಿದ್ದರೂ ಕೊನೆಗೆ ಸಿಗುವ ಬಿಳಿ ಹೆಚ್ಚುಕಡಿಮೆ ಅಷ್ಟೇ. ದೀಪಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಹಲ್ಲು ಜುಮ್ ಅನ್ನುತ್ತಾ? ಹೌದು, ಬಹಳ ಮಂದಿಗೆ ಅನ್ನುತ್ತದೆ. ತಣ್ಣೀರು ಕುಡಿದರೆ ಚುಳ್ ಅಂದಂತಾಗುತ್ತದೆ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಅನ್ನು ಎರಡು ವಾರ ಮೊದಲೇ ಶುರು ಮಾಡಿದರೆ ಒಳ್ಳೆಯದು. ಜುಮ್ ಜೋರಾದರೆ ಒಂದೆರಡು ರಾತ್ರಿ ಬಿಟ್ಟು ಮಾಡಿ, ಅವಸರ ಇಲ್ಲ.

ಚಿಕಿತ್ಸೆ ನಡೆಯುವಾಗ ಹಲ್ಲು ಬಣ್ಣವನ್ನು ಬೇಗ ಹೀರುತ್ತದೆ. ಆಸ್ಪತ್ರೆಯಲ್ಲಿ ಮಾಡಿಸಿದ ಮೇಲೆ ಎರಡು ದಿನ ಚಾ, ಕಾಫಿ, ಬೀಟ್‌ರೂಟ್, ಅರಿಶಿನ ಹಾಕಿದ ಪಲ್ಯ, ಕೆಂಪು ಖಾರದ ಎಣ್ಣೆ ಬೇಡ. ಹಾಗಾದರೆ ಉಣ್ಣುವುದು ಏನು ಅಂತ ಕೇಳುತ್ತಾರೆ. ಬಿಳಿಜೋಳದ ರೊಟ್ಟಿ, ಮೊಸರು, ಬೆಣ್ಣೆ, ಹಾಲು, ಮೊಸರನ್ನ, ಸೌತೆಕಾಯಿ, ಬಾಳೆಹಣ್ಣು. ನಮ್ಮ ಊಟದಲ್ಲಿ ಬಿಳಿಯದಕ್ಕೆ ಏನು ಕಡಿಮೆ ಹೇಳಿ.

ಬ್ಲೀಚಿಂಗ್ ಶಾಶ್ವತವಲ್ಲ. ಒಂದರಿಂದ ಮೂರು ವರ್ಷಕ್ಕೆ ಬಣ್ಣ ಸ್ವಲ್ಪ ಮರಳುತ್ತದೆ, ಚಾ, ತಂಬಾಕು ಬಿಡದಿದ್ದರೆ ಬೇಗ. ಟ್ರೇ ಜೋಪಾನ ಮಾಡಿಟ್ಟಿದ್ದರೆ ಕೆಲವು ರಾತ್ರಿ ಮತ್ತೆ ಹಾಕಿಕೊಂಡರೆ ಸಾಕು. ಕ್ಯಾಪ್, ಸಿಮೆಂಟ್ ತುಂಬಿದ ಹಲ್ಲು ಇದರಿಂದ ಬಿಳಿ ಆಗುವುದಿಲ್ಲ. ಮುಂದಿನ ಹಲ್ಲಿಗೆ ಕ್ಯಾಪ್ ಇದ್ದವರು ಇದನ್ನು ಮೊದಲೇ ಯೋಚಿಸಬೇಕು, ಇಲ್ಲವಾದರೆ ಪಕ್ಕದ ಹಲ್ಲು ಬಿಳಿಯಾಗಿ ಕ್ಯಾಪ್ ಮಾತ್ರ ಹಳೇ ಬಣ್ಣದಲ್ಲಿ ಉಳಿಯುತ್ತದೆ. ಹೊಸದಾಗಿ ಬಿಳಿ ಸಿಮೆಂಟ್ ಹಾಕಿಸುವುದಿದ್ದರೆ ಬ್ಲೀಚ್ ಮುಗಿದು ಎರಡು ವಾರ ಬಿಡಬೇಕು, ತಕ್ಷಣ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ. ಬಸುರಿಯರಿಗೆ, ಹಾಲುಣಿಸುವ ತಾಯಂದಿರಿಗೆ ನಾನು ಮಾಡುವುದಿಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಬರೀ ಚೆಂದಕ್ಕೆ ಅಂತ ಮಾಡುವುದಿಲ್ಲ. ಯುರೋಪಿನಲ್ಲಿ 2012ರಿಂದ ಇದಕ್ಕೆ ಕಾನೂನೇ ಇದೆ. 0.1 ಶೇಕಡಾ ದಾಟಿದ ಪೆರಾಕ್ಸೈಡ್ ಜೆಲ್ ಅನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, ಮೊದಲ ಬಳಕೆ ಅವರ ಕಣ್ಣೆದುರೇ ಆಗಬೇಕು. ನಮ್ಮಲ್ಲಿ ಕಾನೂನಿನ ಪ್ರಕಾರ ಹಲ್ಲಿನ ಚಿಕಿತ್ಸೆ ಮಾಡುವವರು ದಂತವೈದ್ಯರಾಗಿ ನೋಂದಾಯಿಸಿರಬೇಕು. ಸಂತೆಯಲ್ಲಿ, ಜಾತ್ರೆಯಲ್ಲಿ ಬಾಟಲಿ ಹಿಡಿದು ಹತ್ತಿಯಲ್ಲಿ ಒರೆಸಿ ಹಲ್ಲು ಬಿಳಿ ಮಾಡಿ ತೋರಿಸುವವರ ಮುಂದೆ ಬಾಯಿ ತೆರೆಯಬೇಡಿ. ಅಂಥ ಬಾಟಲಿಯಲ್ಲಿ ಆಸಿಡ್ ಇದ್ದರೆ ಎನಾಮೆಲ್ಲೇ ಕರಗಿ ಹೋಗುತ್ತದೆ. ಲಿಂಬೆಹಣ್ಣು ತಿಕ್ಕುವುದೂ ಅದೇ ಜಾತಿ, ನಿಧಾನಕ್ಕೆ ಅಷ್ಟೇ.

ಪೆಟ್ಟು ಬಿದ್ದು ಒಂದೇ ಹಲ್ಲು ಕಪ್ಪಾಗಿದ್ದರೆ ಅದರ ದಾರಿ ಬೇರೆ. ಕಬಡ್ಡಿಯಲ್ಲಿ ಬಿದ್ದ ಹುಡುಗ, ವರ್ಷದ ಮೇಲೆ ಹಲ್ಲು ಬೂದು ಬಣ್ಣ. ಒಳಗಿನ ನರ ಸತ್ತು, ರಕ್ತ ಡೆಂಟಿನ್‌ಗೆ ಇಳಿದಿರುತ್ತದೆ. ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗೇ ಔಷಧಿ ಇಟ್ಟು ಮುಚ್ಚಿ ಕಳಿಸುತ್ತೇವೆ. ವಾರಕ್ಕೊಮ್ಮೆ ಬದಲಿಸಿದರೆ ಎರಡು ಮೂರು ಸಲಕ್ಕೆ ಬಣ್ಣ ತಿರುಗುತ್ತದೆ. ಮೇಲಿನಿಂದ ಎಷ್ಟು ಜೆಲ್ ಹಚ್ಚಿದರೂ ಇದಕ್ಕೆ ಸಾಲದು.

ಮತ್ತೆ ನಮ್ಮ ಕಂದು ಪಟ್ಟಿಗೆ ಬರುತ್ತೇನೆ. ನನ್ನ ಹಲ್ಲಿಗೆ ಏನು ಮಾಡಿದರು ಅಂತ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ನಾನು ಮೂರನೇ ವರ್ಷದಲ್ಲಿ ಓದುವಾಗ ಸ್ನಾತಕೋತ್ತರ ಓದುತ್ತಿದ್ದ ಅಕ್ಕ ಒಬ್ಬರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ರಬ್ಬರ್ ಹಾಳೆ ಹಾಕಿ ವಸಡು ಮುಚ್ಚಿದರು. ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಜೊತೆಗೆ ನುಣ್ಣನೆಯ ಪುಡಿ ಇರುವ ಪೇಸ್ಟ್ ಅನ್ನು ಕಂದು ಜಾಗದ ಮೇಲೆ ಮಾತ್ರ ಕೆಲವೇ ಸೆಕೆಂಡು ತಿಕ್ಕಿ ತೊಳೆದರು. ಮತ್ತೆ ನೋಡಿದರು, ಮತ್ತೆ ತಿಕ್ಕಿದರು. ಇದಕ್ಕೆ ಮೈಕ್ರೋಅಬ್ರೇಶನ್ ಅನ್ನುತ್ತಾರೆ. ಫ್ಲೋರೋಸಿಸ್‌ನ ಕಂದು ಬಣ್ಣ ಎಷ್ಟೋ ಸಲ ಎನಾಮೆಲ್‌ನ ಮೇಲಿನ ತೆಳು ಪದರದಲ್ಲೇ ಇರುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು ತೆಗೆದರೆ ಸಾಕಾಗುತ್ತದೆ. ಆಸಿಡ್ ಬೇಡ ಅಂತ ಈಗಷ್ಟೇ ಹೇಳಿದೆನಲ್ಲ ಅಂತ ನೀವು ಕೇಳಬಹುದು. ವ್ಯತ್ಯಾಸ ಇರುವುದು ಅಳತೆಯಲ್ಲಿ. ಎಷ್ಟು, ಎಲ್ಲಿ, ಎಷ್ಟು ಸೆಕೆಂಡು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಕಲಿತ ಕೈ ಬೇಕು. ಕನ್ನಡಿ ಕೊಟ್ಟಾಗ ಕಂದು ಪಟ್ಟಿ ಇರಲಿಲ್ಲ. ಬಿಳಿ ಮಚ್ಚೆಗಳು ಇದ್ದವು. ಆಮೇಲೆ ಮೂರು ವಾರ ಟ್ರೇಯಲ್ಲಿ ಬ್ಲೀಚಿಂಗ್.

ಇಲ್ಲಿ ಒಂದು ಎಚ್ಚರಿಕೆ. ಬ್ಲೀಚಿಂಗ್ ಶುರುವಾದ ಮೊದಲ ದಿನಗಳಲ್ಲಿ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣುತ್ತವೆ. ನಾನೂ ಗಾಬರಿಯಾಗಿದ್ದೆ. ದಿನ ಕಳೆದಂತೆ ಸುತ್ತಲಿನ ಹಲ್ಲೂ ತಿಳಿಯಾಗಿ ಮಚ್ಚೆ ಅದರಲ್ಲಿ ಬೆರೆಯುತ್ತದೆ. ಮಚ್ಚೆ ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಚುಚ್ಚುವುದು ನಿಲ್ಲುತ್ತದೆ. ಈಗ ಮಚ್ಚೆಯೊಳಗೆ ತೆಳು ರಾಳ ಇಳಿಸಿ ಅದನ್ನು ಮರೆಸುವ ವಿಧಾನವೂ ಬಂದಿದೆ. ಹಲ್ಲಿನಲ್ಲಿ ಗುಳಿ ಬಿದ್ದು, ಎನಾಮೆಲ್ ಚಕ್ಕೆ ಏಳುವಷ್ಟು ಜೋರಾಗಿದ್ದರೆ ಇವು ಯಾವುವೂ ಸಾಲವು. ಆಗ ಹಲ್ಲಿನ ಬಣ್ಣದ ಸಿಮೆಂಟ್ ಪದರ, ಇಲ್ಲವೇ ವೆನೀರ್ ಎಂಬ ತೆಳು ಹೊದಿಕೆ. ಹಲ್ಲು ಸುತ್ತಲೂ ಕೊರೆದು ಹಾಕುವ ಕ್ಯಾಪ್ ಕಟ್ಟಕಡೆಯದು. ಹದಿನೆಂಟರ ಹುಡುಗಿಗೆ ಬಣ್ಣಕ್ಕಾಗಿ ಆರು ಗಟ್ಟಿ ಹಲ್ಲನ್ನು ಕೊರೆದು ಕ್ಯಾಪ್ ಹಾಕಿದ್ದನ್ನು ನಾನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಕೊರೆದ ಹಲ್ಲು ಮತ್ತೆ ಬರುವುದಿಲ್ಲ. ಯಾರಾದರೂ ಮೊದಲೇ ಕ್ಯಾಪ್ ಅಂದರೆ, ಇನ್ನೊಬ್ಬ ವೈದ್ಯರನ್ನು ಕೇಳಿ ಬರುತ್ತೇವೆ ಅಂತ ಎದ್ದು ಬನ್ನಿ.

ಹೋದ ವರ್ಷ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. "ಡಾಕ್ಟರಬಾಯಾರ, ನಾಡದ ಕನ್ಯಾ ನೋಡಾಕ ಬರ್ತಾರ್ರಿ. ಅಷ್ಟರಾಗ ಬೆಳ್ಳಗ ಮಾಡಿ ಕೊಡ್ರಿ." ಹುಡುಗಿ ಬಿ.ಎಸ್ಸಿ. ಕೊನೆಯ ವರ್ಷ. ಬಾಯಿಯೇ ತೆರೆಯಲಿಲ್ಲ. ಎರಡು ದಿನದಲ್ಲಿ ಆಗುವ ಕೆಲಸ ಅಲ್ಲವ್ವ ಅಂದೆ. ತಾಯಿ ಕಣ್ಣೀರು ಹಾಕಿದರು. "ಎಷ್ಟ ಬೈದೀನ್ರಿ ಇಕಿಗೆ, ಹಲ್ಲ ಛಂದಂಗ ತಿಕ್ಕು ಅಂತ." ಆಗ ನಾನು ನನ್ನ ಹಳೆಯ ಫೋಟೊ ತೋರಿಸಿದೆ. ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ, ಇಂಥ ಹೊತ್ತಿಗೆ ಅಂತ. ನೀರಿನ ವಿಷಯ ಹೇಳಿದೆ. ತಾಯಿ ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ ಮಗಳ ತಲೆ ಸವರಿ, "ನಂದ ತಪ್ಪಾತ ನೋಡವ್ವ" ಅಂದರು. ಹುಡುಗಿ ಆಗ ಬಾಯಿ ತೆರೆದಳು. ಒಂದು ತಿಂಗಳು ಬಂದು ಹೋಗಿ ಚಿಕಿತ್ಸೆ ಮುಗಿಸಿದಳು. ನೋಡಲು ಬಂದವರ ಕಥೆ ಏನಾಯಿತು ಅಂತ ನಾನು ಕೇಳಲಿಲ್ಲ.

ಖರ್ಚಿನ ಬಗ್ಗೆ ಹಿಂದಿನ ಸಾಲಿನಿಂದ ಕೇಳಿದಿರಿ. ಖಾಸಗಿಯಲ್ಲಿ ಬ್ಲೀಚಿಂಗ್ ಸಾವಿರಗಳ ಲೆಕ್ಕ, ಊರಿಂದ ಊರಿಗೆ ಬೇರೆ. ನಮ್ಮ ಸುತ್ತ ಡೆಂಟಲ್ ಕಾಲೇಜುಗಳಿಗೆ ಕೊರತೆ ಇಲ್ಲ. ಬಾಗಲಕೋಟೆಯಲ್ಲಿ ಪಿ.ಎಂ.ಎನ್.ಎಂ., ವಿಜಯಪುರದಲ್ಲಿ ಅಲ್ ಅಮೀನ್, ಬೆಳಗಾವಿಯಲ್ಲಿ ಕೆ.ಎಲ್.ಇ. ಮತ್ತು ಮರಾಠಾ ಮಂಡಳ. ಕಾಲೇಜು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಹೊರಗಿಗಿಂತ ಕಡಿಮೆ ಖರ್ಚು. ಕಾಯಬೇಕು, ಎರಡು ಮೂರು ಸಲ ಓಡಾಡಬೇಕು. ಆದರೆ ಕಲಿಯುವವರ ಬೆನ್ನಿಗೆ ಕಲಿಸುವವರು ನಿಂತು ನೋಡುತ್ತಾರೆ. ನನ್ನ ಹಲ್ಲು ಸರಿಯಾಗಿದ್ದೇ ಅಂಥ ಕುರ್ಚಿಯ ಮೇಲೆ.

ಕೊನೆಗೆ ಒಬ್ಬ ಶಿಕ್ಷಕರು ಚೀಟಿ ಕಳಿಸಿದ್ದಾರೆ. "ನಮ್ಮ ಶಾಲೆಯ ಬೋರಿನ ನೀರು ಹೇಗಿದೆ ಎಂದು ತಿಳಿಯುವುದು ಹೇಗೆ?" ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಇದೇ ದೊಡ್ಡದು. ಗುರುಗಳೇ, ಮೊದಲು ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಕೇಳಿ. ಖಚಿತ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಡಬೇಕು. ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿ ಲೆಕ್ಕ ತಪ್ಪಬಹುದು. ಪಂಪು ಹಾಕಿ ನಾಲ್ಕೈದು ನಿಮಿಷ ನೀರು ಹರಿಯಲು ಬಿಡಿ. ಅದೇ ನೀರಿನಿಂದ ಬಾಟಲಿ ಎರಡು ಸಲ ಗಲಬರಿಸಿ, ಮೂರನೇ ಸಲ ತುಂಬಿ ಬಿರಡೆ ಹಾಕಿ. ಮೇಲೆ ಊರು, ಬೋರು ಇರುವ ಜಾಗ, ದಿನಾಂಕ ಬರೆಯಿರಿ. ಅಂಕಿ ಬಂದ ಮೇಲೆ 1.5ಕ್ಕಿಂತ ಜಾಸ್ತಿ ಇದ್ದರೆ ಆ ಹಾಳೆಯ ಒಂದು ಪ್ರತಿ ಪಂಚಾಯಿತಿಗೆ ಕೊಡಿ, ಒಂದು ಪ್ರತಿ ಶಾಲೆಯ ಗೋಡೆಗೆ ಅಂಟಿಸಿ, ಹಲ್ಲು ಪರೀಕ್ಷೆಗೆ ಮಕ್ಕಳು ನಿಲ್ಲುವ ಜಾಗದಲ್ಲಿ.